ತೊಟ್ಟಿಯ ನಡುವಿನ ಗಾಜು

ಸಾಕುವ ಬಣ್ಣದ ಮೀನಿನ ಅಂಗಡಿ ಇಟ್ಟಮೇಲೆ ಮನುಷ್ಯರ ಮೇಲೆ ನನಗಿದ್ದ ಅಷ್ಟಿಷ್ಟು ಗೌರವವೂ ಹೊರಟುಹೋಯಿತು. ಅದರಲ್ಲೂ ಆ ಹಲ್ಲಿನ ಡಾಕ್ಟರು! ಕ್ಲಿನಿಕ್ಕಿನ ತೊಟ್ಟಿಯಲ್ಲಿ ಗೇಣುದ್ದದ ಆಸ್ಕರ್ ಮೀನು ಸಾಕಿಕೊಂಡು, ಅದರ ಜೊತೆಗೆ ಬಿಡಲು ಬೆರಳುದ್ದವೂ ಇಲ್ಲದ ನಿಯಾನ್ ಟೆಟ್ರಾ ಮೀನು ಕೇಳಿಕೊಂಡು ಬಂದಿದ್ದರು.

"ಬಣ್ಣ ಚೆನ್ನಾಗಿದೆಯಲ್ಲಾ?"

"ರುಚೀನೂ ಚೆನ್ನಾಗಿರುತ್ತೆ, ನಿಮ್ಮ ಆಸ್ಕರ್‌ನೇ ಕೇಳಿ. ನಿಮಗೆ ಬೇಕಿರೋದು ಜೊತೆಗಾರರಲ್ಲ ಡಾಕ್ಟ್ರೇ, ತಿಂಡಿ."

ಅವರು ನಕ್ಕರು. ಬೈಸಿಕೊಂಡೂ ನಗುವ ಗಂಡಸರನ್ನು ಕಂಡರೆ ನನಗಾಗದು. ಕೆನ್ನೆಯಲ್ಲಿ ಗುಳಿ ಬೇರೆ, ಅದೂ ಒಂದೇ ಕಡೆ. ದೇವರಿಗೂ ಅರ್ಧ ಕೆಲಸಕ್ಕೇ ಸಾಕಾಗಿರಬೇಕು.

ಅಂಗೈಯಗಲದ ಆರು ಸಿಲ್ವರ್ ಡಾಲರ್ ಮೀನು ಕೊಟ್ಟೆ. "ಆಸ್ಕರ್ ಬಾಯಿಗೆ ಹಿಡಿಯಬಾರದು, ಓಟದಲ್ಲಿ ಸೋಲಬಾರದು. ಅಂಥವೇ ಬಾಳೋದು. ತೊಟ್ಟಿ ಮಧ್ಯೆ ತೂತಿನ ಗಾಜು ಇಡಿ, ಒಂದು ವಾರ ಮುಖ ನೋಡ್ಕೊಳ್ಳಲಿ. ಆಮೇಲೆ ತೆಗೀರಿ."

ಮುಂದಿನ ಶನಿವಾರ ಬಂದರು. "ಆಸ್ಕರ್ ಗುರಾಯಿಸ್ತಿದೆ, ಗಾಜು ಇನ್ನೊಂದು ವಾರ ಹಾಗೇ ಬಿಡಲಾ?" ಅದರ ಮುಂದಿನ ಶನಿವಾರವೂ ಅದೇ ರಾಗ. ಪ್ರತಿ ಸಲವೂ ಚೆನ್ನಾಗಿ ಜಾಡಿಸಿ ಕಳಿಸಿದೆ. ಶನಿವಾರ ಮಾತ್ರ ನಾನು ಇಸ್ತ್ರಿ ಮಾಡಿದ ಕುರ್ತಾ ಹಾಕುವುದನ್ನು ತಂಗಿ ಕಂಡುಹಿಡಿದಳು.

"ಅಕ್ಕಾ, ಹೀಗೇ ಉಗೀತಾ ಇರು. ಒಂದಿನ ಬರೋದೇ ಬಿಡ್ತಾರೆ."

ಎಂಟನೇ ಶನಿವಾರ ಅವರು ಬರಲಿಲ್ಲ. ಹನ್ನೊಂದಾಯಿತು, ಹನ್ನೆರಡಾಯಿತು. ಹೋದರೆ ಹೋಗಲಿ, ಹೆದರುಪುಕ್ಕಲ ಎಂದುಕೊಂಡೆ. ಆದರೂ ಅಂಗಡಿ ತಂಗಿಗೆ ಬಿಟ್ಟು ಕ್ಲಿನಿಕ್ಕಿಗೆ ನಡೆದೆ.

ಡಾಕ್ಟರು ಅಂಗಿಯ ತೋಳು ಮಡಿಚಿಕೊಂಡು ತೊಟ್ಟಿಯ ಮುಂದೆ ನಿಂತಿದ್ದರು. ಗಾಜು ಇದ್ದಲ್ಲೇ ಇತ್ತು.

"ದಿನಾ ಹತ್ತು ಜನರ ಹಲ್ಲು ಕೀಳ್ತೀರಿ. ಒಂದು ಗಾಜು ಕೀಳಕ್ಕೆ ಎರಡು ತಿಂಗಳಾ?"

"ಇವತ್ತು ತೆಗೆದೇಬಿಡೋಣ ಅಂತ ಬೆಳಗ್ಗೆಯಿಂದ ನಿಂತಿದ್ದೀನಿ. ಮೀನಿನ ಭಯ ಅಲ್ಲ." ಅವರು ನಗಲಿಲ್ಲ. "ಇದು ತೆಗೆದ್ರೆ ನಿಮ್ಮನ್ನ ನೋಡಕ್ಕೆ ಬರೋಕೆ ನನಗೆ ನೆಪ ಇರಲ್ಲ."

ನಾನು ಕುರ್ತಾದ ತೋಳು ಮೇಲಕ್ಕೇರಿಸಿ ಕೈಯನ್ನು ಮೊಣಕೈವರೆಗೆ ನೀರಿಗಿಳಿಸಿ ಗಾಜನ್ನು ಮೇಲಕ್ಕೆಳೆದುಬಿಟ್ಟೆ.

ಆಸ್ಕರ್ ಒಮ್ಮೆ ನುಗ್ಗಿತು. ಆರೂ ಸರ್ರನೆ ತಪ್ಪಿಸಿಕೊಂಡವು. ಮತ್ತೊಮ್ಮೆ ನುಗ್ಗಿತು, ಮತ್ತೂ ಸಿಗಲಿಲ್ಲ. ಆಮೇಲೆ ಅದಕ್ಕೇ ಬೇಸರವಾಗಿ ಅವುಗಳ ಪಕ್ಕದಲ್ಲೇ ಈಜತೊಡಗಿತು.

"ಇಷ್ಟೇ ವಿಷಯ," ಎಂದೆ. "ಇನ್ಮೇಲೆ ನೆಪ ಇಲ್ಲದೇ ಬನ್ನಿ. ಶನಿವಾರಕ್ಕೂ ಕಾಯಬೇಡಿ, ದಡ್ಡರ ಹಾಗೆ."

ಅವರು ಟವೆಲ್ ತಂದು ನನ್ನ ಒದ್ದೆ ಕೈಯನ್ನು ಅದರಲ್ಲಿ ಸುತ್ತಿ ಹಿಡಿದರು. ಹಿಡಿದವರು ಹಿಡಿದೇ ಇದ್ದರು.

"ಕೈ ಒರೆಸೋಕೂ ಬರಲ್ಲ ನಿಮಗೆ," ಎಂದೆ. ಕೈ ಮಾತ್ರ ಎಳೆದುಕೊಳ್ಳಲಿಲ್ಲ.