ಏಳನೇ ಲೇನಿನ ಖಾಲಿ ಒರೆ

"ಬಾಗಿಲಿಗೆ ಒಂದು ಮುದಿ ನಾಯಿ ಕಟ್ಟಿದ್ರೂ ಒಂದ್ಸಲ ಆದ್ರೂ ಬೊಗಳ್ತಿತ್ತು ಕಣಯ್ಯ! ನಿನಗೆ ಸ್ಟೂಲು ಬೇರೆ, ಸಂಬಳ ಬೇರೆ!"

ರಾಯ್ಸ್ ಬ್ಲೆಡ್ಸೋ ಇದನ್ನು ಮೆಲ್ಲಗೆ ಹೇಳಲಿಲ್ಲ. ಚೆಂಡು ಉರುಳಿಸಿ ಪಿನ್ನು ಕೆಡಹುವ ಆಟದ, ಹನ್ನೆರಡು ಲೇನುಗಳ ಬೌಲಿಂಗ್ ಹಾಲು, ಶನಿವಾರದ ಮಧ್ಯಾಹ್ನ, ಲೀಗ್ ಆಡಲು ಬಂದ ಎಂಟು ತಂಡಗಳು, ಮೂಲೆಯಲ್ಲಿ ಯಾರದೋ ಮಗುವಿನ ಹುಟ್ಟುಹಬ್ಬ. ಎಲ್ಲರಿಗೂ ಕೇಳಿಸಿತು. ಉರುಳುತ್ತಿದ್ದ ಕೊನೆಯ ಚೆಂಡು ಪಿನ್ನುಗಳಿಗೆ ಬಡಿದು ನಿಂತಿತು. ಆಮೇಲೆ ಉಳಿದದ್ದು ಅಡುಗೆ ಕಟ್ಟೆಯಲ್ಲಿ ಎಣ್ಣೆ ಚಟಪಟಿಸುವ ಸದ್ದೊಂದೇ.

ಬೈಸಿಕೊಂಡವನು ಬಾಗಿಲು ಕಾಯುವ ಎಮೆಟ್ ಟ್ಯಾಕೆಟ್. ಅರವತ್ತೊಂದು ವರ್ಷ. ಅದರಲ್ಲಿ ಇಪ್ಪತ್ತಾರು ವರ್ಷ ಕೌಂಟಿ ಪೊಲೀಸಿಗೆ ಕೊಟ್ಟು, ಬದಲಿಗೆ ಸವೆದ ಎರಡು ಮಂಡಿ ತಂದುಕೊಂಡಿದ್ದ. ಅವನಿಗೆ ಸಿಟ್ಟು ಬರಲಿಲ್ಲ. ಸಿಟ್ಟು ಮಾಡಿಕೊಳ್ಳುವುದಕ್ಕೂ ತ್ರಾಣ ಬೇಕು.

"ಏನಾಯ್ತು, ಹೇಳಿ," ಅಂದ.

"ಏನಾಯ್ತಾ? ನನ್ನ ಪಿಸ್ತೂಲು ಹೋಯ್ತು!"

ರಾಯ್ಸ್ ಅಂಗಿ ಎತ್ತಿದ. ಬಲ ಸೊಂಟದಲ್ಲಿ ಹೊಸ ಚರ್ಮದ ಒರೆ. ಖಾಲಿ.

ಮೂಲೆಯಲ್ಲಿದ್ದ ತಾಯಂದಿರು ಕೇಕು ಬಿಟ್ಟು ಮಕ್ಕಳನ್ನು ಬಾಚಿಕೊಂಡರು. ಗುಂಡು ತುಂಬಿದ ಪಿಸ್ತೂಲು ಈ ಛಾವಣಿಯ ಕೆಳಗೆ ಎಲ್ಲೋ ಇದೆ. ಎಲ್ಲಿ? ಯಾರ ಕೈಯಲ್ಲಿ?

ಕಾಟನ್ ಬೆಂಡ್ ಊರಿನ ಈ ಹಾಲಿಗೆ ಅಂಗಿಯ ಕೆಳಗೆ ಪಿಸ್ತೂಲು ಇಟ್ಟುಕೊಂಡು ಬರುವುದು ತಪ್ಪಲ್ಲ. ಒಕ್ಲಹೋಮ ರಾಜ್ಯದ ಕಾನೂನು ಅಡ್ಡಿ ಮಾಡುವುದಿಲ್ಲ. ಬೇಡ ಅನ್ನಬೇಕಾದರೆ ಮಾಲೀಕ ಬಾಗಿಲಿಗೆ ಫಲಕ ಹೊಡೆಯಬೇಕು. ಮಾಲೀಕ ಗಾರ್ಲೆಂಡ್ ಹೊಡೆದಿರಲಿಲ್ಲ. ಹೊಡೆದರೆ ಲೀಗಿನ ಅರ್ಧ ಜನ ಪಕ್ಕದೂರಿನ ಹಾಲಿಗೆ ನಡೆದುಬಿಡುತ್ತಾರೆ. ಹಾಗಾಗಿ ಯಾರ ಅಂಗಿಯ ಕೆಳಗೆ ಏನಿದೆ ಎಂದು ಕೇಳುವ ಅಧಿಕಾರ ಎಮೆಟ್‌ಗೆ ಇರಲಿಲ್ಲ. ಅದು ಕಳೆದುಹೋದಾಗ ಬೈಸಿಕೊಳ್ಳುವ ಕೆಲಸ ಮಾತ್ರ ಇತ್ತು.

"ಯಾರು ತೆಗೆದ್ರು ಅಂತ ಅನುಮಾನ ಇದೆಯಾ?"

"ಅನುಮಾನ ಯಾಕೆ? ಅವಳೇ!"

ರಾಯ್ಸ್‌ನ ಬೆರಳು ಶೂ ಬಾಡಿಗೆಗೆ ಕೊಡುವ ಕೌಂಟರಿನ ಕಡೆ ತಿರುಗಿತು. ಅಲ್ಲಿ ನೊಯೆಮಿ ಆರಿಯಾಗಾ ಒಂದು ಕೈಯಲ್ಲಿ ಮಕ್ಕಳ ಶೂ, ಇನ್ನೊಂದು ಕೈಯಲ್ಲಿ ವಾಸನೆ ಹೋಗಲಾಡಿಸುವ ಸ್ಪ್ರೇ ಹಿಡಿದು ನಿಂತಿದ್ದಳು. ಎರಡನ್ನೂ ನಿಧಾನವಾಗಿ ಕೆಳಗಿಟ್ಟಳು. ಎರಡೂ ಅಂಗೈಗಳನ್ನು ಎಲ್ಲರಿಗೂ ಕಾಣುವ ಹಾಗೆ ಕೌಂಟರಿನ ಮೇಲೆ ಚಾಚಿದಳು. ಜೈಲು ನೋಡಿದವರು ಮಾತ್ರ ಕೈಯನ್ನು ಹಾಗೆ ಇಡುತ್ತಾರೆ.

ಊರಿಗೆಲ್ಲ ಗೊತ್ತಿದ್ದ ಸಂಗತಿ ಅದು. ಗಂಡನ ಕಾರಿನ ಡಿಕ್ಕಿಯಲ್ಲಿ ಸಿಕ್ಕ ಮಾದಕದ ಪೊಟ್ಟಣಗಳಿಗಾಗಿ ಅವಳು ಮೂರು ವರ್ಷ ಒಳಗಿದ್ದಳು. ಈಗ ಷರತ್ತಿನ ಮೇಲೆ ಹೊರಗಿದ್ದಾಳೆ. ಅಂಥವರು ಬಂದೂಕಿಗೆ ಬೆರಳು ತಾಗಿಸಿದರೂ ಸಾಕು, ಮತ್ತೆ ಒಳಗೆ.

"ಲೀಗ್ ಹಾಳೆಗೆ ಸಹಿ ಹಾಕೋಕೆ ಕೌಂಟರ್ ಮೇಲೆ ಬಗ್ಗಿದೆ," ಅಂದ ರಾಯ್ಸ್. "ಇವಳು ಪಕ್ಕದಲ್ಲೇ ಇದ್ಲು. ಎದ್ದು ನಿಂತಾಗ ಸೊಂಟ ಹಗುರ! ಇನ್ನೇನು ಬೇಕು?"

ಹತ್ತು ನಿಮಿಷದಲ್ಲಿ ಕೌಂಟಿ ಪೊಲೀಸಿನ ಡೆಪ್ಯುಟಿ ಟೆಸ್ ಮ್ಯಾಕ್‌ರೇ ಬಂದಳು. ಇಪ್ಪತ್ತಾರರ ಹುಡುಗಿ, ನೌಕರಿಗೆ ಸೇರಿ ಎರಡು ವರ್ಷ. ಕೌಂಟರಿನ ಡ್ರಾಯರು, ಇನ್ನೂರು ಜೊತೆ ಶೂಗಳ ಗೂಡು, ಕಸದ ಬುಟ್ಟಿ, ನೊಯೆಮಿಯ ಕೈಚೀಲ—ಎಲ್ಲ ಜಾಲಾಡಿದಳು. ಪಿಸ್ತೂಲಿಲ್ಲ.

"ಯಾರಿಗೋ ದಾಟಿಸಿದಾಳೆ," ಅಂದ ರಾಯ್ಸ್.

"ನಾನು ಮುಟ್ಟಿಲ್ಲ," ಅಂದಳು ನೊಯೆಮಿ.

"ಮುಟ್ಟಿಲ್ಲ ಅಂತ ಹೋದ್ಸಲಾನೂ ಹೇಳಿದ್ದೆ ಅಲ್ವೇನಮ್ಮ?" ರಾಯ್ಸ್ ಕೆಣಕಿದ.

ಯಾರೋ ನಕ್ಕರು. ಟೆಸ್ ನಗಲಿಲ್ಲ, ಆದರೆ ಸೊಂಟದಿಂದ ಕೈಕೋಳ ತೆಗೆದಳು. "ಸ್ಟೇಷನ್ನಿಗೆ ಬರಬೇಕಾಗುತ್ತೆ, ನೊಯೆಮಿ. ಪಿಸ್ತೂಲು ಸಿಗೋವರೆಗೆ."

"ಸೋಮವಾರ ಹತ್ತು ಗಂಟೆಗೆ ಕೋರ್ಟು." ನೊಯೆಮಿ ಹೇಳಿದ್ದು ಟೆಸ್‌ಗಲ್ಲ, ಎಮೆಟ್‌ಗೆ. "ಮಗಳನ್ನ ನನಗೆ ಕೊಡ್ತಾರೋ ಇಲ್ವೋ ಅಂತ ಅವತ್ತೇ ತೀರ್ಪು. ಇವತ್ತು ಕೈಗೆ ಕೋಳ ಬಿತ್ತು ಅಂದ್ರೆ ಜಡ್ಜು ಕಾಗದ ತಿರುವಿ ಕೂಡ ನೋಡಲ್ಲ. ಮಂಚಕ್ಕೆ ಹಳದಿ ಹಾಸಿಗೆ ತಂದಿಟ್ಟಿದೀನಿ ಎಮೆಟ್. ಅವಳಿಗೆ ಹಳದಿ ಇಷ್ಟ."

ಎಮೆಟ್ ಉಸಿರು ಬಿಟ್ಟ. ಇಂಥ ಮುಖಗಳನ್ನು ನೋಡಿ ನೋಡಿಯೇ ಅವನು ಆ ಪೊಲೀಸ್ ನೌಕರಿ ಬಿಟ್ಟಿದ್ದು.

"ಟೆಸ್, ಐದು ನಿಮಿಷ ಕೊಡ್ತೀಯಾ ಮಗಳೇ?"

"ಯಾತಕ್ಕೆ?"

"ನಾಲ್ಕು ಪ್ರಶ್ನೆ ಇದೆ."

"ಇವನ್ಯಾರು ಕೇಳೋಕೆ?" ರಾಯ್ಸ್ ಗುಡುಗಿದ.

ಟೆಸ್ ಕೈಕೋಳವನ್ನು ಬೆರಳಿನಲ್ಲಿ ತೂಗುತ್ತ ಒಂದು ಕ್ಷಣ ಯೋಚಿಸಿದಳು. "ಕೇಳಲಿ ಬಿಡಿ. ಕಳ್ಕೊಂಡವರು ನೀವು. ಉತ್ತರ ಹೇಳೋಕೆ ನಿಮಗೇನು ಕಷ್ಟ?"

ಎಮೆಟ್ ಕುಂಟುತ್ತ ಏಳನೇ ಲೇನಿಗೆ ನಡೆದ. ರಾಯ್ಸ್‌ನ ತಂಡದ್ದು ಅದೇ ಲೇನು. ಬೆಂಚಿನ ಮೇಲೆ ಕರಿದ ಬೆಂಡೆಕಾಯಿಯ ಪೊಟ್ಟಣ, ಅಮಲಿಲ್ಲದ ಸಿಹಿ ಪಾನೀಯ ರೂಟ್ ಬಿಯರಿನ ಲೋಟಗಳು. ಕೆಳಗೆ ಸಾಲಾಗಿ ಕಪ್ಪು ಚೆಂಡಿನ ಚೀಲಗಳು. ರಾಯ್ಸ್ ತನ್ನ ವಿಮೆ ಕಚೇರಿಯ ಹೆಸರು ಹೊಲಿಸಿ ತಂಡದ ಐವರಿಗೂ ಹಂಚಿದ್ದ ಚೀಲಗಳವು. ಮೇಲೆ ತೂಗುವ ಪರದೆಯಲ್ಲಿ ಅಂಕಗಳು ಇನ್ನೂ ಅಳಿಸಿರಲಿಲ್ಲ. ಒಂದು ಆಟಕ್ಕೆ ಹೆಚ್ಚೆಂದರೆ ಮುನ್ನೂರು. ರಾಯ್ಸ್: 117, 211, 224.

"ಪಿಸ್ತೂಲು ಬೆಳಿಗ್ಗೆಯಿಂದ ಎಲ್ಲಿತ್ತು?"

"ಎಲ್ಲಿ ಇರಬೇಕೋ ಅಲ್ಲಿ. ಮೈಮೇಲೆ." ರಾಯ್ಸ್ ಜನರ ಕಡೆ ತಿರುಗಿದ. ಪಿಸ್ತೂಲು ಇಟ್ಟುಕೊಳ್ಳುವವರಿಗೆ ಊರಿನಲ್ಲಿ ತರಗತಿ ನಡೆಸುವವನು ಅವನೇ. ಅಲ್ಲಿದ್ದ ಇಪ್ಪತ್ತು ಮೂವತ್ತು ಜನ ಅವನ ಕೈಯಿಂದಲೇ ಸರ್ಟಿಫಿಕೇಟು ಪಡೆದವರು. ಟೆಸ್ ಕೂಡ. "ಮೊದಲ ಪಾಠ ಏನು ನನ್ನ ತರಗತಿಯಲ್ಲಿ? ಮೈಯಿಂದ ಇಳಿಸಿದ ಪಿಸ್ತೂಲು—?"

"ಕಳೆದ ಪಿಸ್ತೂಲು," ಅಂದರು ನಾಲ್ಕೈದು ಜನ, ಶಾಲೆಯ ಮಕ್ಕಳ ಹಾಗೆ.

"ಯಾವ ಕಡೆ ಇತ್ತು?" ಎಮೆಟ್ ಕೇಳಿದ.

"ಬಲಗಡೆ. ಕಾಣಲ್ವ?"

"ಯಾವಾಗ್ಲೂ ಅಲ್ಲೇನಾ?"

"ಇಲ್ಲ, ಇಷ್ಟು ದಿನ ಕಣಕಾಲಿಗೆ ಕಟ್ತಿದ್ದೆ. ಈ ಒರೆ ಹೊಸದು. ಕೈಯಲ್ಲಿ ಹೊಲಿಸಿದ್ದು. ಇವತ್ತೇ ಮೊದಲು ಹಾಕಿದ್ದು."

"ಮೂರೂ ಆಟ ಮುಗಿಯೋವರೆಗೆ ಅಲ್ಲೇ ಇತ್ತಾ?"

"ಕಿವಿ ಕೇಳಲ್ವೇನಯ್ಯ ನಿನಗೆ? ಮೂರೂ ಆಟ! ಕೌಂಟರ್‌ಗೆ ಹೋಗೋವರೆಗೆ!"

"ಆಯ್ತು." ಎಮೆಟ್ ಅವನ ತಂಡದ ಕಡೆ ತಿರುಗಿದ. ಬೆಂಚಿನ ಹಿಂದೆ ಮೂವರು ನಿಂತಿದ್ದರು. "ಮೊದಲ್ನೇ ಆಟದಲ್ಲಿ ಏನಾಯ್ತು ಇವರಿಗೆ? ನೂರ ಹದಿನೇಳು?"

"ಅಯ್ಯೋ, ಅದನ್ನ ಕೇಳ್ಬೇಡಿ!" ಮೂವರಲ್ಲಿ ದಪ್ಪಗಿದ್ದವನು ನಕ್ಕ. "ಚೆಂಡು ಎರಡೆರಡ್ಸಲ ಲೇನಿನ ಪಕ್ಕದ ಕಾಲುವೆಗೆ ಬಿತ್ತು. ನಮ್ಮ ತಂಡದ ಮುದುಕ ವಿಲ್ಬರ್ ಕೂಗಿ ಹೇಳಿದ, ನಮ್ಮಜ್ಜಿ ಸೊಂಟ ಮುರ್ಕೊಂಡ್ಮೇಲೂ ಇದಕ್ಕಿಂತ ಚೆನ್ನಾಗಿ ಎಸೀತಿದ್ಲು ಅಂತ. ಆರು, ಎಂಟು, ಅಕ್ಕಪಕ್ಕದ ಲೇನೆಲ್ಲ ನಕ್ಕಿದ್ದೇ ನಕ್ಕಿದ್ದು. ಆಮೇಲೆ ನೋಡಿ, ರಾಯ್ಸ್‌ಗೆ ರೋಷ ಬಂತು! ಇನ್ನೂರ ಹನ್ನೊಂದು!"

"ವಿಲ್ಬರ್ ಎಲ್ಲಿ?"

"ಆಟ ಮುಗಿದ ತಕ್ಷಣ ಹೊರಟ. ಮೊಮ್ಮಕ್ಕಳು ಮನೆಗೆ ಬಂದಿದಾರಂತೆ."

ಎಮೆಟ್ ಬಗ್ಗಿ ಚೀಲಗಳನ್ನು ನೋಡಿದ. ನಾಲ್ಕು ಇದ್ದವು. ಐದನೆಯದು ವಿಲ್ಬರ್‌ನ ಜೊತೆ ಹೋಗಿತ್ತು. ಆದರೆ ಅವಸರದಿಂದ ಏನೂ ಆಗುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಟೆಸ್ ತನ್ನ ಕಿವಿಯಿಂದಲೇ ಕೇಳಿ ನಂಬಬೇಕು. ಅವನು ಜೇಬಿನಿಂದ ಮೊಬೈಲು ತೆಗೆದು ಅವಳ ಕೈಗಿಟ್ಟ.

"ವಿಲ್ಬರ್ ನಂಬರು ಇದರಲ್ಲಿದೆ. ಫೋನ್ ಹಚ್ಚು. ಅವನ ಚೆಂಡಿನ ಚೀಲ ಯಾರೂ ಮುಟ್ಟಬಾರದು ಅನ್ನು. ಮಕ್ಕಳನ್ನ ಆ ಕೋಣೆಯಿಂದ ಹೊರಗೆ ಕಳಿಸು ಅನ್ನು. ಆಮೇಲೆ ತೆರೆದು ನೋಡಲಿ. ಅವನೊಬ್ಬನೇ."

"ಏನಿದೆ ಅದರಲ್ಲಿ?"

"ಫೋನ್ ಹಚ್ಚು ಮಗಳೇ."

ಟೆಸ್ ಫೋನು ಕಿವಿಗಿಟ್ಟುಕೊಂಡು ಗೋಡೆಯ ಕಡೆ ಸರಿದಳು. ಎಮೆಟ್ ತನ್ನ ಕಬ್ಬಿಣದ ಟಾರ್ಚು ತೆಗೆದ. ಗಿಡ್ಡ, ದಪ್ಪ, ಭಾರ.

"ರಾಯ್ಸ್, ಇದನ್ನ ಒರೆಗೆ ಸಿಕ್ಕಿಸ್ಕೊಂಡು ಒಂದು ಚೆಂಡು ಎಸೀರಿ."

"ಏನು ತಮಾಷೆ ಇದು?"

"ಮೂರು ಆಟ ಹೀಗೇ ಎಸೆದೆ ಅಂದ್ರಲ್ಲ. ನಾಲ್ಕನೇದಕ್ಕೆ ಒಂದು ಚೆಂಡು. ಅಷ್ಟೇ."

ರಾಯ್ಸ್ ಸುತ್ತ ನೋಡಿದ. ಅವನ ಶಿಷ್ಯರೆಲ್ಲ ಅವನನ್ನೇ ನೋಡುತ್ತಿದ್ದರು. ಒಲ್ಲೆ ಅನ್ನುವ ಹಾಗಿರಲಿಲ್ಲ. ಟಾರ್ಚು ಸಿಕ್ಕಿಸಿಕೊಂಡ, ಚೆಂಡು ಎತ್ತಿದ, ನಾಲ್ಕು ಹೆಜ್ಜೆ ಹಾಕಿದ. ಹಿಂದಕ್ಕೆ ಹೋದ ತೋಳು ಮುಂದಕ್ಕೆ ಬರುವಾಗ ಮೊಣಕೈ ಒರೆಗೆ ತಗುಲಿತು—ಟಕ್! ಚೆಂಡು ಅಡ್ಡಕ್ಕೆ ಹೊರಳಿ ಕಾಲುವೆಗೆ ಬಿತ್ತು. ಮೈಲಿ ದೂರ ಹೋಗುತ್ತಿರುವ ಹಾಗೆ ನಿಧಾನವಾಗಿ ಉರುಳಿತು.

"ಕೈ ಜಾರ್ತು."

"ಇನ್ನೊಂದ್ಸಲ ಎಸೀರಿ."

ಈ ಸಲ ಅವನು ತೋಳನ್ನು ಸೊಂಟದಿಂದ ದೂರ ಬಳಸಿ ಎಸೆದ. ಹತ್ತರಲ್ಲಿ ಎರಡು ಪಿನ್ನು ಬಿದ್ದವು. ಹಾಲಿನಲ್ಲಿ ಯಾರೂ ನಗಲಿಲ್ಲ. ಅಲ್ಲಿದ್ದವರೆಲ್ಲ ಹತ್ತು ಹದಿನೈದು ವರ್ಷದಿಂದ ಚೆಂಡು ಎಸೆಯುತ್ತಿದ್ದವರು. ಅವರಿಗೆ ವಿವರಿಸಿ ಹೇಳಬೇಕಾದ್ದು ಏನೂ ಉಳಿದಿರಲಿಲ್ಲ. ಆದರೂ ಎಮೆಟ್ ಹೇಳಿದ, ಯಾಕೆಂದರೆ ಕೈಕೋಳ ಇನ್ನೂ ಟೆಸ್‌ಳ ಬೆರಳಿನಲ್ಲಿತ್ತು.

"ಅಂಕ ಎಲ್ಲರ ತಲೆ ಮೇಲೇ ತೂಗ್ತಾ ಇದೆ. ನಾವ್ಯಾರೂ ಓದಲಿಲ್ಲ. ಬಲಗೈಯವನು ಬಲ ಸೊಂಟದಲ್ಲಿ ಪಿಸ್ತೂಲು ಇಟ್ಕೊಂಡು ನೂರ ಹದಿನೇಳು ಮಾಡಬಹುದು. ಇನ್ನೂರ ಹನ್ನೊಂದು ಮಾಡೋಕಾಗಲ್ಲ. ಅಂದ್ರೆ ಎರಡನೇ ಆಟ ಶುರುವಾಗೋ ಹೊತ್ತಿಗೆ ಪಿಸ್ತೂಲು ಸೊಂಟದಲ್ಲಿ ಇರಲಿಲ್ಲ. ವಿಲ್ಬರ್ ಅಜ್ಜಿ ಹೆಸರೆತ್ತಿದಾಗ ಇವರಿಗೆ ಅವಮಾನ ಆಯ್ತು. ಯಾರೂ ನೋಡದ ಹಾಗೆ ಪಿಸ್ತೂಲು ತೆಗೆದು ಬೆಂಚಿನ ಕೆಳಗಿನ ಚೀಲದ ಪಕ್ಕದ ಜೇಬಿಗೆ ಹಾಕಿದ್ರು. ತಮ್ಮ ಚೀಲ ಅಂದ್ಕೊಂಡ್ರು. ಐದು ಚೀಲ, ಐದೂ ಒಂದೇ ಥರ."

"ಕತೆ ಕಟ್ತಾ ಇದಾನೆ!" ರಾಯ್ಸ್‌ನ ಕತ್ತು ಕೆಂಪಾಗಿತ್ತು.

"ಆಟ ಮುಗಿದ್ಮೇಲೆ ನಿಮ್ಮ ಚೀಲ ಎರಡ್ಸಲ ತೆರೆದು ನೋಡಿದ್ರಿ. ಸ್ಟೂಲ್ ಮೇಲಿಂದ ನೋಡ್ತಿದ್ದೆ. ಒರೆಸೋ ಬಟ್ಟೆ ಹುಡುಕ್ತಿದೀರಿ ಅಂದ್ಕೊಂಡೆ. ಪಿಸ್ತೂಲು ಇಲ್ಲ. ಚೀಲದಿಂದ ಹೋಯ್ತು ಅಂದ್ರೆ ಮೈಯಿಂದ ಇಳಿಸಿದ್ದೆ ಅಂತ ಒಪ್ಕೋಬೇಕು. ಇಷ್ಟು ಜನ ಶಿಷ್ಯರ ಮುಂದೆ! ಹಾಗಾಗಿ ಸೊಂಟದಿಂದಲೇ ಹೋಗಬೇಕಿತ್ತು. ಸೊಂಟದಿಂದ ಹೋಗಬೇಕಾದ್ರೆ ಸೊಂಟದ ಹತ್ತಿರ ಒಬ್ಬ ಕಳ್ಳ ಬೇಕು. ಹಾಳೆಗೆ ಸಹಿ ಹಾಕೋಕೆ ಅಂತ ಹೋಗಿ, ಯಾರ ಮೇಲೆ ಹೇಳಿದ್ರೆ ಊರು ತಕ್ಷಣ ನಂಬುತ್ತೋ ಅವಳ ಪಕ್ಕ ಬಗ್ಗಿದ್ರಿ. ಇವಳು ಪಿಸ್ತೂಲು ಕದ್ದಿಲ್ಲ. ನೀವು ಇವಳ ಸೋಮವಾರ ಕದಿಯೋಕೆ ಹೊರಟಿದ್ರಿ."

ಟೆಸ್ ಫೋನು ಇಳಿಸಿದಳು.

"ವಿಲ್ಬರ್ ಸಿಕ್ಕಿದ್ರು. ಚೀಲ ಟಿವಿ ಮುಂದೆ ಇತ್ತಂತೆ. ಐದು ವರ್ಷದ ಮೊಮ್ಮಗಳು ಅದರ ಮೇಲೆ ಕೂತಿದ್ಲಂತೆ." ಫೋನನ್ನು ಎಮೆಟ್‌ಗೆ ವಾಪಸು ಕೊಟ್ಟಳು. "ಪಿಸ್ತೂಲು ಅದರಲ್ಲೇ ಇದೆ. ಗುಂಡು ತುಂಬಿದೆ."

ಹುಟ್ಟುಹಬ್ಬದ ಗುಂಪಿನಲ್ಲಿ ಒಬ್ಬ ತಾಯಿ ಬಾಯಿಗೆ ಕೈ ಇಟ್ಟುಕೊಂಡಳು. ಟೆಸ್ ಕೈಕೋಳವನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿದಳು. ನೊಯೆಮಿ ಅಂಗೈಗಳನ್ನು ಕೌಂಟರಿನಿಂದ ಎತ್ತಿದಳು.

ಮಾಲೀಕ ಗಾರ್ಲೆಂಡ್ ಈಗ ಬಾಯಿ ಬಿಟ್ಟ. "ಸರಿ ಸರಿ, ಸಿಕ್ತಲ್ಲ, ದೇವರು ದೊಡ್ಡವನು. ಇದನ್ನ ಇಲ್ಲಿಗೇ ಬಿಡೋಣ ಟೆಸ್. ಏನೋ ಗಡಿಬಿಡಿ. ಎಲ್ಲರಿಗೂ ಒಂದೊಂದು ರೂಟ್ ಬಿಯರ್, ನನ್ನ ಕಡೆಯಿಂದ!"

"ಸುಳ್ಳು ದೂರು ಅಂತ ಬರ್ಕೊಳ್ತಿದೀನಿ," ಅಂದಳು ಟೆಸ್. "ರಾಯ್ಸ್, ತರಗತಿ ನಡೆಸೋಕೆ ನಿಮಗೆ ಪರವಾನಗಿ ಪತ್ರ ಕೊಟ್ಟಿದಾರಲ್ಲ, ಆ ಕಚೇರಿಗೂ ಒಂದು ಪ್ರತಿ ಹೋಗುತ್ತೆ. ನೊಯೆಮಿ, ನಿನ್ನ ಹೆಸರು ಇದರಲ್ಲಿ ಸಾಕ್ಷಿ ಅಂತ ಮಾತ್ರ ಇರುತ್ತೆ. ಆಯ್ತಾ?"

ನೊಯೆಮಿ ತಲೆಯಾಡಿಸಿದಳು. ಧನ್ಯವಾದ ಅನ್ನಲಿಲ್ಲ. ಅನ್ನಬೇಕಾದ್ದೂ ಇರಲಿಲ್ಲ. ಅವಳದ್ದನ್ನು ಅವಳಿಗೇ ವಾಪಸು ಕೊಟ್ಟಿದ್ದರು, ಅಷ್ಟೇ. ಕೆಳಗಿಟ್ಟಿದ್ದ ಮಕ್ಕಳ ಶೂ ಎತ್ತಿ ಅದರ ಗೂಡಿಗೆ ಸೇರಿಸಿದಳು.

ಎಮೆಟ್ ಕೋಟು ತೆಗೆದುಕೊಂಡ. ಅವನ ಪಾಳಿ ಮುಗಿಯಲು ಇನ್ನೂ ಎರಡು ಗಂಟೆ ಇತ್ತು. ಗಾರ್ಲೆಂಡ್ ಅದನ್ನು ನೋಡಿ ಲೋಟಗಳ ಕಡೆ ತಿರುಗಿದ.

"ಏಯ್ ಟ್ಯಾಕೆಟ್!" ರಾಯ್ಸ್ ಏಳನೇ ಲೇನಿನಿಂದಲೇ ಕೂಗಿದ. ಸೊಂಟದಲ್ಲಿ ಟಾರ್ಚು ಇನ್ನೂ ಹಾಗೇ ಇತ್ತು. "ಭಾರಿ ಬುದ್ಧಿವಂತ ನೀನು! ನಾನು ಕಾನೂನು ಮೀರಿಲ್ಲ ಕಣಯ್ಯ. ಪಿಸ್ತೂಲು ತಂದಿದ್ದು ತಪ್ಪಲ್ಲ, ಚೀಲದಲ್ಲಿ ಇಟ್ಟಿದ್ದೂ ತಪ್ಪಲ್ಲ. ಒಂದು ಮಾತು ಹೇಳು. ನಾಳೆ ಈ ಬಾಗಿಲಲ್ಲಿ ಒಬ್ಬ ಹುಚ್ಚ ಬಂದೂಕು ಹಿಡಿದು ನುಗ್ಗಿದ ಅಂತಿಟ್ಕೋ. ಈ ಮಕ್ಕಳೆಲ್ಲ ಮೇಜಿನ ಕೆಳಗೆ. ಆಗ ಯಾರ ಕಡೆ ತಿರುಗಿ ನೋಡ್ತೀಯ ನೀನು? ನನ್ನ ಕಡೆನೋ, ಅವಳ ಕಡೆನೋ? ಹೇಳು! ಎಲ್ಲರ ಮುಂದೆ ಹೇಳು!"

ಜನ ಎಮೆಟ್‌ನ ಕಡೆ ತಿರುಗಿದರು. ತಾಯಂದಿರೂ ತಿರುಗಿದರು. ಅವರ ಮುಖ ನೋಡಿದರೆ ಅವರಿಗೂ ಆ ಉತ್ತರ ಬೇಕಾಗಿತ್ತು.

ಎಮೆಟ್ ಕೋಟಿನ ಒಂದು ತೋಳಿಗೆ ಕೈ ತೂರಿಸಿದ. ಇನ್ನೊಂದು ತೋಳು ಸಿಗದೆ ಎರಡು ಸಲ ತಡಕಾಡಿದ, ಸಿಕ್ಕಿತು. ಗುಂಡಿ ಹಾಕಿಕೊಂಡ. ಬಾಗಿಲು ತಳ್ಳಿ ಹೊರಗೆ ಬಿಸಿಲಿಗೆ ಇಳಿದ. ಸಾಲಾಗಿ ನಿಂತ ಪಿಕಪ್ ಟ್ರಕ್ಕುಗಳ ನಡುವೆ ಮಂಡಿ ಎಳೆಯುತ್ತ, ಹಿಂದಿರುಗಿ ನೋಡದೆ, ತನ್ನ ಗಾಡಿಯ ಕಡೆ ನಡೆದ.