ಕಿಟಕಿಯ ಕೆಳಗಿನ ಪಾತಿ

"ರೀ! ಕೈ ತೆಗೀರಿ ಅಲ್ಲಿಂದ!"

ಗೇಟು ತೆರೆದವಳೇ ಅವಳು ಕೂಗಿದಳು.

ಕಿಟಕಿಯ ಕೆಳಗಿನ ಪಾತಿಯಲ್ಲಿ ಅಪರಿಚಿತನೊಬ್ಬ ಮಂಡಿಯೂರಿ ಕುಳಿತಿದ್ದ. ಅವನ ಮುಷ್ಟಿಯಲ್ಲಿ ಬೇರುಸಮೇತ ಕಿತ್ತ ಹಸಿರು ಗಿಡಗಳು...

ಅವನು ತಲೆಯೆತ್ತಿದ. ಹುಬ್ಬಿನ ಮೇಲೆ ಮಣ್ಣು, ಕಣ್ಣಲ್ಲಿ ಗಾಬರಿ.

"ನಾನು ಬಡಗಿ... ಕಿಟಕಿ ರಿಪೇರಿಗೆ ಬರೋಕೆ ಹೇಳಿದ್ರಲ್ಲ?"

"ಕಿಟಕಿ ಬಿಟ್ಟು ಗಿಡ ಯಾಕ್ರೀ ಕೀಳ್ತಿದೀರಿ? ನಮ್ಮಮ್ಮ ಹಾಕಿದ ಹೂವಿನ ಗಿಡ ಅದು! ನಾಲ್ಕು ತಿಂಗಳಿಂದ ದಿನಾ ನೀರು ಹಾಕ್ತಿದೀನಿ!"

ಅವನು ಕೈಯಲ್ಲಿದ್ದುದನ್ನು ನೋಡಿದ. ಅವಳನ್ನು ನೋಡಿದ.

"ಅದಕ್ಕೇ ಇಷ್ಟು ಪುಷ್ಟಿಯಾಗಿದೆ... ಇದು ಕಳೆ ಮೇಡಂ."

ಒಳಗಿನಿಂದ ನಗು ಕೇಳಿಸಿತು. ಅವಳು ಬೆಚ್ಚಿ ಕಿಟಕಿಯತ್ತ ತಿರುಗಿದಳು. ಅಪ್ಪ ನಗುತ್ತಿದ್ದರು! ಪಾರ್ಶ್ವವಾಯು ಬಡಿದು ಬಲಗೈ ಬಿದ್ದುಹೋದ ಮೇಲೆ ಅಪ್ಪ ನಕ್ಕಿದ್ದು ಇದೇ ಮೊದಲು.

"ನಾನೇ... ಹೇಳಿದೆ," ಎಂದರು ಅವರು ತೊದಲುತ್ತ.

ಅಮ್ಮ ತೀರಿಕೊಂಡ ಮೇಲೆ ಆ ತೋಟವನ್ನು ಅಪ್ಪನೇ ಸಾಕಿದ್ದರು. ಅವರು ಹಾಸಿಗೆ ಹಿಡಿದಾಗ ಕಳೆಗೆ ಹಬ್ಬವಾಯಿತು. ಅವಳೋ, ಬೆಳಗಿನಿಂದ ಕನ್ನಡಕದ ಅಂಗಡಿಯಲ್ಲಿ ನಿಂತು ಸುಸ್ತಾಗಿ ಬಂದವಳು, ಹಸಿರು ಕಂಡಲ್ಲೆಲ್ಲ ನೀರು ಸುರಿಯುತ್ತಿದ್ದಳು.

ಕಿಟಕಿ ಅಂದೇ ಸರಿಯಾಯಿತು. ಬಡಗಿ ಮಾತ್ರ ಮರುದಿನ ಸಂಜೆಯೂ ಬಂದ. ಅದರ ಮರುದಿನವೂ.

"ಹಾಗೆ ಎಳೆದ್ರೆ ತಲೆ ಮಾತ್ರ ಕೈಗೆ ಬರುತ್ತೆ. ಗೆಡ್ಡೆ ಒಳಗೇ ಕೂತು ನಮ್ಮನ್ನ ನೋಡಿ ನಗ್ತಿರುತ್ತೆ," ಎನ್ನುತ್ತ ಅವನು ಒದ್ದೆ ಮಣ್ಣಿಗೆ ಹಳೆಯ ಉಳಿಯೊಂದನ್ನು ಇಳಿಸುತ್ತಿದ್ದ. "ಮೊದಲು ಬುಡ ಸಡಿಲ ಮಾಡ್ಬೇಕು. ಆಮೇಲೆ ನಿಧಾನಕ್ಕೆ... ಹಾಂ, ಹಾಗೆ."

ಒಂದೇ ಗೆಡ್ಡೆಯನ್ನು ಹುಡುಕುತ್ತ ಹೋದ ಎರಡು ಕೈಗಳು ಮಣ್ಣಿನೊಳಗೆ ತಾಗಿದವು. ಇಬ್ಬರೂ ಕೈ ಹಿಂದೆಗೆಯಲಿಲ್ಲ. ಸಂಜೆಯ ಬಿಸಿಲು ಎಲೆಗಳ ಮೇಲೆ ಜೇನಿನಂತೆ ಜಾರುತ್ತಿತ್ತು. ತೋಟದಾಚೆ ಯಾವ ಬೀದಿಯೂ, ಯಾವ ಊರೂ ಇಲ್ಲವೇನೋ ಎನಿಸಿತು ಅವಳಿಗೆ.

'ಇದೇನಾಗ್ತಿದೆ ನನಗೆ...'

ಹೀಗೇ ಒಂದೂವರೆ ತಿಂಗಳು ಕಳೆಯಿತು.

ಒಂದು ಸಂಜೆ ಬಂದು ನೋಡಿದರೆ, ಕಾಂಪೌಂಡಿನ ಪಕ್ಕದ ಪಾತಿಯೇ ಕಾಣಿಸಲಿಲ್ಲ! ಅದರ ತುಂಬ ದಪ್ಪ ರಟ್ಟು ಹಾಸಿ, ಮೇಲೆ ಒಣ ಎಲೆ ಸುರಿಯಲಾಗಿತ್ತು.

"ಬೆಳಕು ಸಿಗದಿದ್ರೆ ಕಳೆ ತಾನಾಗೇ ಸಾಯುತ್ತೆ, ಅದಕ್ಕೆ..." ಎಂದು ಅವನು ನಗುತ್ತ ಶುರುಮಾಡಿದ.

"ಅದರಡಿ ಅಮ್ಮನ ಲಿಲ್ಲಿ ಗೆಡ್ಡೆಗಳಿದ್ವು!" ಅವಳು ರೇಗಿದಳು. "ಮಲಗಿದ್ವು ಅಷ್ಟೆ, ಸತ್ತಿರಲಿಲ್ಲ! ಯಾರನ್ನ ಕೇಳಿ ಮುಚ್ಚಿದ್ರಿ? ನಿಮ್ಮನ್ನ ಕರೆದಿದ್ದು ಕಿಟಕಿಗೆ. ಮನೆಯವರ ಹಾಗೆ ಆಡೋಕಲ್ಲ!"

ಅವನ ಮುಖದಿಂದ ನಗು ಆರಿಹೋಯಿತು. ಏನೋ ಹೇಳಲು ತುಟಿ ತೆರೆದ... ಕಿಟಕಿಯತ್ತ ನೋಡಿ ಸುಮ್ಮನಾದ. ಉಳಿ ಎತ್ತಿಕೊಂಡು ಹೊರಟೇಹೋದ.

ಅವನಿಲ್ಲದೆ ಒಂಬತ್ತು ಸಂಜೆಗಳು ಬಂದುಹೋದವು. ಅವಳು ತುತ್ತು ಬಾಯಿಗಿಟ್ಟರೂ ರುಚಿಯಿಲ್ಲ. ಅಪ್ಪನೂ ಮುಖ ಕೊಟ್ಟು ಮಾತಾಡಲಿಲ್ಲ.

ಹತ್ತನೆಯ ದಿನ ಸಂಜೆ ಅವರೇ ಅವಳ ಕೈ ಹಿಡಿದು ಮೇಲೆ ತೋರಿಸಿದರು.

"ತಾರಸಿ... ಹೋಗು."

ಅವಳು ಮೆಟ್ಟಿಲು ಹತ್ತಿದಳು. ನೀರಿನ ಟ್ಯಾಂಕಿನ ಹಿಂದೆ ಹನ್ನೊಂದು ಕುಂಡಗಳು! ಪ್ರತಿಯೊಂದರಲ್ಲೂ ಬೆರಳುದ್ದದ ಚಿಗುರು... ಅಮ್ಮನ ಲಿಲ್ಲಿಗಳು!

ಅವಳು ಒಂದು ಕುಂಡಕ್ಕೆ ಬೆರಳಿಟ್ಟಳು. ಮಣ್ಣು ಒದ್ದೆಯಾಗಿತ್ತು.

'ಅಂದರೆ... ಇವತ್ತೂ ಬಂದಿದ್ದ!'

ದಡದಡನೆ ಇಳಿದು ಬಂದವಳನ್ನು ನೋಡಿ ಅಪ್ಪನ ಕಣ್ಣು ತುಂಬಿತು.

"ಕಳೆ ಬೇರು... ಸುತ್ಕೊಂಡಿತ್ತು. ಒಂದೊಂದೇ... ಬಿಡಿಸಿಟ್ಟ. ಹೂ ಬಿಟ್ಮೇಲೆ ನಿನಗೆ... ತೋರಿಸೋಣ, ಹೇಳ್ಬೇಡ ಅಂದಿದ್ದು... ನಾನೇ ಮಗಳೇ. ದಿನಾ ಮಧ್ಯಾಹ್ನ... ನೀರು ಹಾಕಿ ಹೋಗ್ತಾನೆ."

ಅವಳು ಚಪ್ಪಲಿ ಮೆಟ್ಟುವುದನ್ನೂ ಮರೆತು ಓಡಿದಳು.

ಬಡಗಿಯ ಅಂಗಡಿಯ ತುಂಬ ಹಸಿ ಮರದ ವಾಸನೆ. ಹಲಗೆ ಉಜ್ಜುತ್ತಿದ್ದವನು ಅವಳನ್ನು ಕಂಡು ಎದ್ದು ನಿಂತ.

"ಊರಿಗೆಲ್ಲ ಕನ್ನಡಕ ಹಾಕ್ತೀನಿ... ನನ್ನ ಕಣ್ಣಿಗೇ ಪೊರೆ ಬಂದಿತ್ತು. ತಪ್ಪಾಯ್ತು," ಎಂದಳು ಏದುಸಿರು ಬಿಡುತ್ತ.

"ಅಯ್ಯೋ, ಬಿಡಿ..."

"ಬಿಡಲ್ಲ! ಅಷ್ಟೆಲ್ಲ ಅಂದ್ಮೇಲೂ ದಿನಾ ಯಾಕೆ ಬಂದ್ರಿ? ಬರೀ ನೀರು ಹಾಕೋಕಾ?"

ಅವನು ತಲೆ ತಗ್ಗಿಸಿದ.

"ನೀವಿಲ್ಲದ ಹೊತ್ತು ಅಂತ ಗೊತ್ತಿತ್ತು. ಆದ್ರೂ... ನಿಮ್ಮ ಮನೆಗೆ ಹೋಗ್ತಿದೀನಿ ಅನ್ನೋದೇ ಸಾಕಾಗ್ತಿತ್ತು."

ಅವಳು ಹಲಗೆಯ ಅಂಚನ್ನು ಬೆರಳಿನಿಂದ ಸವರಿದಳು.

"ನಿಜ ಹೇಳ್ಲಾ? ಗೇಟಿನ ಪಕ್ಕದ ಕಳೇನ ನಾನು ಬೇಕಂತಲೇ ಕೀಳದೆ ಬಿಟ್ಟಿದ್ದೆ... ಎಲ್ಲಾ ಮುಗಿದ್ರೆ ನೀವು ಬರಲ್ವೇನೋ ಅಂತ."

ಅವನ ತುಟಿಯಂಚಿನಲ್ಲಿ ನಗು ಮೂಡಿತು.

"ಗೊತ್ತಿತ್ತು. ಅದಕ್ಕೇ ನಾನೂ ನೋಡಿಯೂ ನೋಡದ ಹಾಗಿದ್ದೆ."

ಇಬ್ಬರೂ ನಕ್ಕರು. ನಗುತ್ತಲೇ ಅವಳ ಕಣ್ಣೀರು ಕೆನ್ನೆಗಿಳಿಯಿತು.

"ಒಂದೇ ಒಂದು ಕಳೆ ಇಲ್ಲದಿದ್ರೂ... ನಾನು ಬರಬಹುದಾ?" ಅವನು ಮೆಲ್ಲಗೆ ಕೇಳಿದ.

"ಬನ್ನಿ" ಎನ್ನಹೋದವಳು ಅರ್ಧಕ್ಕೇ ತಡೆದುಕೊಂಡಳು.

"ಬಾ."

"ಏನಂದ್ರಿ?"

"ಬಾ ಅಂದೆ. ನೀನೂ ಇನ್ನು ಆ 'ರೀ' ಬಿಟ್ಟು ಮಾತಾಡು."

ಅವನು ಒಂದು ಹೆಜ್ಜೆ ಹತ್ತಿರ ಬಂದ.

"ಬರ್ತೀನಿ ಕಣೇ..."