ಬೇಲಿ ತನಕ ಬೂಟಿನ ಹೆಜ್ಜೆ

ಇಮಾಮಬಿಯ ಕುಡುಗೋಲು ನನ್ನ ಕುತ್ತಿಗೆಯ ಮೇಲಿತ್ತು.

ನನ್ನ ಕೈ ಅವಳ ಗಂಡನ ಕುತ್ತಿಗೆಯ ಮೇಲಿತ್ತು.

ಮಟಮಟ ಮಧ್ಯಾಹ್ನ. ಸವಣೂರಿನ ಟಾಂಗಾ ಸ್ಟ್ಯಾಂಡಿನ ಹಿಂದಿನ ಕುದುರೆ ಲಾಯ. ಕುದುರೆ ಹೆದರಿ ಕಾಲು ಕೆದರುತ್ತಿತ್ತು. ರಾಜೇಸಾಬನ ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿದ್ದವು.

"ಬಿಡು ಗೋಣೆಪ್ಪಣ್ಣ... ಬಿಡು! ಇಲ್ಲಂದ್ರ ನಿನ್ನ ರುಂಡ ಇಲ್ಲೇ ಬೀಳತೈತಿ!"

"ಬೀಳಲಿ! ನನ್ನ ತಮ್ಮನ್ನ ಕೊಂದಾಂವನ್ನ ಕರಕೊಂಡೇ ಹೊಕ್ಕೇನಿ!"

"ಇವರು ಕೊಂದಿಲ್ಲ!"

"ಫೌಜದಾರ ಹೇಳಿದ್ದು ಸುಳ್ಳೇನು?"

"ಅವನಿಗೆ ಕಣ್ಣಿಲ್ಲ. ನಿನಗರೆ ಅದಾವೋ ಇಲ್ಲೋ? ತ್ವಾಟದ ಬೇಲಿ ಹತ್ರ ಕೊಂದಾಂವನ ಹೆಜ್ಜಿ ಬಿದ್ದಾವಲ್ಲ, ಅವನ್ನ ನೀ ನೋಡೀಯೇನು? ಹೋಗಿ ನೋಡು! ಇವರ ಹೆಜ್ಜಿ ಆದ್ರ ಇದೇ ಕುಡುಗೋಲು ನಿನ್ನ ಕೈಯಾಗ ಕೊಡ್ತೇನಿ... ನಾನೇ!"

ಅವಳ ಕೈ ನಡುಗುತ್ತಿರಲಿಲ್ಲ. ಸುಳ್ಳು ಹೇಳುವವರ ಕೈ ನಡುಗುತ್ತದೆ. ನಾನು ಅಂಥ ಕೈಗಳನ್ನು ಬಹಳ ನೋಡಿದ್ದೇನೆ.

ರಾಜೇಸಾಬನನ್ನು ಬಿಟ್ಟೆ. ಹುಲ್ಲಿನ ಮೇಲೆ ದೊಪ್ಪನೆ ಬಿದ್ದು ಕೆಮ್ಮತೊಡಗಿದ.

"ಸಂಜೀತನ ಎಲ್ಲೂ ಹೋಗಬ್ಯಾಡ," ಅಂದೆ. "ಹೋದ್ರ ಕೆಮ್ಮಾಕೂ ಬಿಡಾಂಗಿಲ್ಲ."

ನಾನು ಗೋಣೆಪ್ಪ. ಹಿಂದೆ ಗರಡಿಮನೆಯ ಪೈಲ್ವಾನ. ಆಮೇಲೆ ಹೈಸ್ಕೂಲ್ ಓಣಿಯ ತಂಟೆ ಬಿಡಿಸುವುದೇ ಕಸುಬಾಯಿತು. ಹುಡುಗರ ಟ್ರಂಕು ಕಳುವಾದರೆ ನಾನು ಬೇಕು. ಕುಡಿದವನನ್ನು ಓಣಿಯಿಂದ ಎತ್ತಿ ಹಾಕಬೇಕಾದರೆ ನಾನು ಬೇಕು. ನನ್ನ ತಮ್ಮನಿಗೆ ಚೂರಿ ಹಾಕುವಾಗ ಮಾತ್ರ ನಾನು ಊರಲ್ಲಿರಲಿಲ್ಲ... ಬಂಕಾಪುರಕ್ಕೆ ಹೋಗಿದ್ದೆ!

ಮೂವತ್ತೆಂಟನೇ ಇಸವಿಯ ಮಾತು ಇದು. ಆಗಿನ ಆ ಓಣಿ ನಿಮಗೆ ಗೊತ್ತಿರಲಿಕ್ಕಿಲ್ಲ, ಕೇಳಿ. ಅಲ್ಲಿ ಎಲ್ಲವೂ ಕಾಲಳತೆಯಲ್ಲಿತ್ತು. ವೀರವ್ವನ ಖಾನಾವಳಿ. ಎದುರಿಗೆ ಪುಸ್ತಕದಂಗಡಿ. ಪಕ್ಕಕ್ಕೆ ಖಾರ ಕರಿಯುವ ಅಂಗಡಿ, ಅದಕ್ಕೆ ಅಂಟಿಕೊಂಡು ಕ್ಷೌರದಂಗಡಿ. ಹಾನಗಲ್ಲಿನಿಂದ, ಹಿರೇಕೆರೂರಿನಿಂದ ಓದಲು ಬಂದ ಹುಡುಗರು ಬಾಡಿಗೆ ಖೋಲಿಗಳಲ್ಲಿ ಇರುತ್ತಿದ್ದರು. ಮ್ಯಾಟ್ರಿಕ್ ಪಾಸಾಗಿ ಧಾರವಾಡದ ಕಾಲೇಜು ಸೇರುವ ಕನಸು. ಇತಿಹಾಸ ಬಾಯಿಪಾಠ ಮಾಡುತ್ತ ಖೋಲಿಯಿಂದ ಹೊರಟರೆ ಅಕ್ಬರ ಸಾಯುವಷ್ಟರಲ್ಲಿ ಸ್ಕೂಲು ಬಂದುಬಿಡುತ್ತಿತ್ತು.

ಯಾಕೆಂದರೆ ಓಣಿಗೂ ಸ್ಕೂಲಿಗೂ ನಡುವೆ ಒಂದು ಸಂದಿ ಇತ್ತು. ಮುತ್ತಜ್ಜನ ಕಾಲದ ಕಾಲುದಾರಿ.

ಅದಕ್ಕೆ ಕರಿಬಸಪ್ಪ ಸಾವಕಾರ ಅಡ್ಡಗೋಡೆ ಕಟ್ಟಿಸಿದ! ಖೋಲಿಗಳೆಲ್ಲ ಅವನವೇ. ಆ ಸಂದಿಯಲ್ಲೂ ಇನ್ನೊಂದಿಷ್ಟು ಖೋಲಿ ಎಬ್ಬಿಸುವ ದುರಾಸೆ. ಅಂದಿನಿಂದ ಹುಡುಗರು ಟಾಂಗಾ ಸ್ಟ್ಯಾಂಡು ಸುತ್ತಿ ಸ್ಕೂಲಿಗೆ ಹೋಗಬೇಕಾಯಿತು. ಕಾಲು ಸೋತವರು ಟಾಂಗಾ ಹತ್ತಿದರು. ಅಕ್ಬರನ ಜೊತೆ ಔರಂಗಜೇಬನೂ ಸತ್ತು ಹೋದ, ಸ್ಕೂಲು ಮಾತ್ರ ಬರಲಿಲ್ಲ.

ನನ್ನ ತಮ್ಮ ಶಂಕ್ರಪ್ಪ ಅದೇ ಸ್ಕೂಲಿನ ಮಾಸ್ತರ. ಇರುವೆಗೂ ದಾರಿ ಬಿಟ್ಟು ನಡೆಯುವ ಪ್ರಾಣಿ. ಆದರೆ ಹಟಕ್ಕೆ ಬಿದ್ದ. ಬಗಲಲ್ಲಿ ಕೊಡೆ ಇಟ್ಟುಕೊಂಡು ಹೋಗಿ ಕೋರ್ಟಿನಲ್ಲಿ ದಾವೆ ಹಾಕಿದ.

"ನಡಿಯೋ ದಾರಿ ಯಾರಪ್ಪಂದೂ ಅಲ್ಲಣ್ಣ," ಅಂತಿದ್ದ.

ಹೇಳಿಕೆ ಕೊಡುವ ಹಿಂದಿನ ದಿನ ಮುಂಜಾನೆ ಆ ಗೋಡೆಯ ಬುಡದಲ್ಲೇ ಹೆಣವಾಗಿ ಬಿದ್ದಿದ್ದ. ಕೊಡೆ ಬಗಲಲ್ಲೇ ಇತ್ತು. ಮುಖಕ್ಕೆ ರುಮಾಲು ಸುತ್ತಿಕೊಂಡ ಒಬ್ಬ ಹಿಂದಿನ ವೀಳ್ಯದ ಎಲೆತೋಟದ ಕಡೆ ಓಡಿದ್ದನ್ನು ಖಾನಾವಳಿಯ ವೀರವ್ವ ಬೆನ್ನ ಕಡೆಯಿಂದ ನೋಡಿದ್ದಳು.

ಫೌಜದಾರನ ಲೆಕ್ಕ ಸಲೀಸು. ದಾರಿ ತೆರೆದರೆ ಯಾರಿಗೆ ನಷ್ಟ? ಟಾಂಗಾದವನಿಗೆ! ಮಾಸ್ತರನ ಜೊತೆ ಹಿಂದಿನ ವಾರವಷ್ಟೇ ಜಗಳ ಆಡಿದ್ದು ಯಾರು? ರಾಜೇಸಾಬ! ತೋಟದ ಬೇಲಿ ತನಕ ಜೋಡು ಮೆಟ್ಟಿದ ಹೆಜ್ಜೆ ಇವೆ. ರಾಜೇಸಾಬನೂ ಜೋಡು ಮೆಟ್ಟುತ್ತಾನೆ. ಬೇಲಿಯ ಒಳಗಿನವು ಬರಿಗಾಲಿನ ಹೆಜ್ಜೆ, ಅವು ತೋಟದ ಆಳುಗಳವು. ಮುಗೀತು ಕೇಸು! ರಾಜೇಸಾಬ ಮಾತ್ರ ಅಷ್ಟರಲ್ಲಿ ತಲೆಮರೆಸಿಕೊಂಡಿದ್ದ.

ತಮ್ಮನ ಮಣ್ಣಿನ ಮೇಲೆ ಕೈಯಿಟ್ಟು ನಾನು ಆಣೆ ಮಾಡಿದ್ದೆ. ಕೊಂದವನ ಕುತ್ತಿಗೆ ಮುರಿಯುತ್ತೇನೆ ಅಂತ.

ಲಾಯದಿಂದ ನೆಟ್ಟಗೆ ಎಲೆತೋಟಕ್ಕೆ ಬಂದೆ. ಓಣಿಯ ಬೆನ್ನಿಗೇ ಅದರ ಮುಳ್ಳುಬೇಲಿ. ಹೊರಗಿನ ಕೆಸರು ಒಣಗಿ ಹೆಜ್ಜೆಗಳು ಅಚ್ಚೊತ್ತಿದಂತಿದ್ದವು. ಬೇಲಿಯ ಕಿಂಡಿಯಲ್ಲಿ ನುಸುಳಿದೆ. ಒಳಗೆ ಬಳ್ಳಿಗಳ ನೆರಳು, ಇನ್ನೂ ತೇವ ಆರದ ನೆಲ. ತಲೆ ಗಿರ್ರೆನ್ನುತ್ತಿತ್ತು. ಕಣ್ಣ ಮುಂದೆ ತಮ್ಮನ ಮುಖವೇ...

ಅಂಗಾಲು ತಣ್ಣಗಾಯಿತು.

ಗಕ್ಕನೆ ನಿಂತೆ. ತಣ್ಣಗೆ ಯಾಕಾಯಿತು?

ಕೆಳಗೆ ನೋಡಿದರೆ ಬರಿಗಾಲು! ನನ್ನ ಚಪ್ಪಲಿ ಬೇಲಿಯ ಆಚೆ ಬಿದ್ದಿದ್ದವು. ಯಾವಾಗ ಬಿಟ್ಟೆ? ನನಗೇ ಗೊತ್ತಿಲ್ಲ!

ನಾವು ಎಲೆತೋಟದ ಮಂದಿ. ಬಳ್ಳಿ ಅಂದರೆ ನಮಗೆ ಲಕ್ಷ್ಮಿ. ಕಾಲಲ್ಲಿ ಕೆರ ಇಟ್ಟುಕೊಂಡು ತೋಟ ಹೊಕ್ಕರೆ ಬಳ್ಳಿ ಸೊರಗುತ್ತದೆ ಅಂತ ನೆಟ್ಟಗೆ ನಡೆಯಲು ಬರುವ ಮೊದಲೇ ಬೆನ್ನಿಗೆ ಗುದ್ದಿ ಕಲಿಸುತ್ತಾರೆ. ತಮ್ಮ ಸತ್ತು ನನಗೆ ತಲೆ ಕೆಟ್ಟಿತ್ತು. ಕೈಗೆ ರಕ್ತ ಬೇಕಾಗಿತ್ತು. ಆದರೂ ಕಾಲು ತನ್ನ ಕಲಿಕೆ ಮರೆತಿರಲಿಲ್ಲ.

ಹಾಗಾದರೆ... ಕೊಂದವನ ಕಾಲು?

ಬಗ್ಗಿ ನೋಡಿದೆ. ಒಳಗಿನ ಬರಿಗಾಲಿನ ಹೆಜ್ಜೆಗಳು ದೂರ ದೂರ ಬಿದ್ದಿದ್ದವು. ಬೆರಳು ಆಳಕ್ಕೆ ಊರಿದ್ದವು. ಓಡಿದವನ ಹೆಜ್ಜೆ! ತೋಟದ ಆಳು ಬಳ್ಳಿಗಳ ನಡುವೆ ಯಾಕೆ ಓಡುತ್ತಾನೆ? ಅದನ್ನೇ ಹಿಡಿದು ತೋಟ ದಾಟಿದೆ. ಆಚೆ ಬದಿಯ ಕಾಲುವೆ ದಂಡೆಯ ಮೇಲೆ ಒಬ್ಬ ಕುಂಡಿ ಊರಿ ಕೂತ ಗುರುತು. ಅಲ್ಲಿಂದ ಮುಂದೆ ಮತ್ತೆ ಜೋಡಿನ ಹೆಜ್ಜೆ. ಜೋಡಲ್ಲ... ಬೂಟು! ಎಡ ಹಿಮ್ಮಡಿಯಲ್ಲಿ ಕಬ್ಬಿಣದ ನಾಲಿನ, ಅಂದರೆ ಲಾಳದ ಗುರುತು, ಅದೂ ಅರ್ಧ ಮುರಿದದ್ದು.

ಒಬ್ಬನೇ ಮನುಷ್ಯ! ಕೊಲೆ ಮಾಡಿ ಓಡುವಾಗಲೂ ಬೇಲಿಯ ಹತ್ತಿರ ನಿಂತು ಬೂಟು ಬಿಚ್ಚಿದ್ದಾನೆ. ಕೈಯಲ್ಲಿ ಹಿಡಿದು ತೋಟ ದಾಟಿದ್ದಾನೆ. ಆಚೆ ಕೂತು ಮತ್ತೆ ಹಾಕಿಕೊಂಡಿದ್ದಾನೆ. ಟಾಂಗಾದ ರಾಜೇಸಾಬ ಆಗಿದ್ದರೆ ಜೋಡು ಸಮೇತ ನುಗ್ಗುತ್ತಿದ್ದ. ಅವನಿಗೆಲ್ಲಿಯ ಬಳ್ಳಿ, ಎಲ್ಲಿಯ ಲಕ್ಷ್ಮಿ?

ಇವನು ನಮ್ಮವನು. ಎಲೆತೋಟದಲ್ಲಿ ಹುಟ್ಟಿದವನು. ನಮ್ಮವರಲ್ಲಿ ಹುಬ್ಬಳ್ಳಿಯಿಂದ ಬೂಟು ತರಿಸಿ ಹಾಕುವ ಶೋಕಿ ಇದ್ದದ್ದು ಒಬ್ಬನಿಗೇ.

ಕರಿಬಸಪ್ಪ!

ಈ ಹಲ್ಕಟ್ ನನ್ನ ತಮ್ಮನ ಹೆಣಕ್ಕೆ ಹೆಗಲು ಕೊಟ್ಟಿದ್ದ! "ಎಂಥಾ ಮಾಸ್ತರ, ಎಂಥಾ ಮಾಸ್ತರ" ಅಂತ ನನ್ನನ್ನೇ ತಬ್ಬಿಕೊಂಡು ಅತ್ತಿದ್ದ!

ಚಪ್ಪಲಿ ಮೆಟ್ಟಿಕೊಂಡು ಓಣಿಗೆ ಬಂದೆ.

ಖಾನಾವಳಿಯ ಕಟ್ಟೆಯ ಮೇಲೆ ಕರಿಬಸಪ್ಪ ಕಾಲು ಇಳಿಬಿಟ್ಟು ಕೂತಿದ್ದ. ಊಟ ಮುಗಿಸಿ ಬೂಟು ಕಟ್ಟಿಕೊಂಡು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ. ಪಕ್ಕದಲ್ಲಿ ಫೌಜದಾರ. ವೀರವ್ವ ಬಾಗಿಲಲ್ಲಿ ನಿಂತಿದ್ದಳು.

"ಏನೋ ಗೋಣೆಪ್ಪ, ರಾಜ್ಯಾ ಸಿಕ್ಕನೇನು?" ಕರಿಬಸಪ್ಪ ಕೇಳಿದ.

"ಸಿಕ್ಕಿದ್ದರಿ ಸಾವಕಾರ್ರ. ಬಿಟ್ಟು ಬಂದೆ."

"ಬಿಟ್ಟು ಬಂದಿ? ತಲಿ ನೆಟ್ಟಗೈತೇನಲೇ?"

"ಈಗ ನೆಟ್ಟಗಾಗೇತ್ರಿ." ಫೌಜದಾರನ ಕಡೆ ತಿರುಗಿದೆ. "ಸಾಹೇಬ್ರ, ಎಲಿತ್ವಾಟಕ್ಕ ಕೆರ ಬಿಟ್ಟು ಹೋಗವ್ರು ಯಾರ್ರಿ?"

"ನನಗೇನು ಗೊತ್ತೋ ಮಾರಾಯ? ನಾ ವಿಜಾಪುರ ಕಡೆಯಾಂವ."

"ಅದಕ್ಕ ನಿಮಗ ಹೆಜ್ಜಿ ತಿಳೀಲಿಲ್ಲ. ಎಲಿತ್ವಾಟದಾಗ ಹುಟ್ಟಿದಾಂವ ಮನಿಗೆ ಬೆಂಕಿ ಬಿದ್ರೂ ಕೆರ ಬಿಟ್ಟ ಒಳಗ ಕಾಲಿಡ್ತಾನ. ಕೊಂದಾಂವ ಬೇಲಿ ಹತ್ರ ಬೂಟು ಬಿಚ್ಯಾನ. ಕೈಯಾಗ ಹಿಡ್ಕೊಂಡು ಓಡ್ಯಾನ. ಆಚಿ ದಂಡಿಗೆ ಕುಂತು ಮತ್ತ ಕಟಗೊಂಡಾನ. ಎಡಗಾಲಿನ ನಾಲು ಅರ್ಧಾ ಮುರದೈತ್ರಿ. ಗುರುತು ಇನ್ನೂ ಹಂಗೇ ಐತಿ."

ಕರಿಬಸಪ್ಪನ ದವಡೆ ನಿಂತಿತು.

ಕ್ಷೌರದಂಗಡಿಯವನು ಕತ್ತರಿ ಹಿಡಿದೇ ಹೊರಗೆ ಬಂದ.

ಫೌಜದಾರ ನಿಧಾನವಾಗಿ ಕೆಳಗೆ ನೋಡಿದ. "ಸಾವಕಾರ್ರ... ಎಡಗಾಲು ಒಂಚೂರು ಎತ್ರಿ, ನೋಡೂಣು."

"ಈ ಗೂಳಿ ಮಾತು ಕಟ್ಕೊಂಡು ನೀವೂ..."

"ಎತ್ರಿ!"

ಕರಿಬಸಪ್ಪ ಕಾಲು ಎತ್ತಿದ.

ಎತ್ತಿ ಫೌಜದಾರನ ಎದೆಗೇ ಒದ್ದ!

ಫೌಜದಾರ ಕಟ್ಟೆಯಿಂದ ಉರುಳಿದ. ಕರಿಬಸಪ್ಪನ ಕೈಯಲ್ಲಿ ಚೂರಿ ಮಿಂಚಿತು. ನನ್ನ ತೋಳು ಸೀಳಿಕೊಂಡಿತು. ರಕ್ತ ಮೊಣಕೈ ತನಕ ಇಳಿಯುವಷ್ಟರಲ್ಲಿ ಅವನು ಓಣಿಯ ಅರ್ಧಕ್ಕೆ ಹೋಗಿದ್ದ.

"ಹಿಡಿ ಗೋಣೆಪ್ಪಾ!" ವೀರವ್ವ ಕಿರುಚಿದಳು. "ನನ್ನ ಕೈ ಅನ್ನ ಉಂಡ ಮಾಸ್ತರನ್ನ ಕೊಂದಾನ... ಬಿಡಬ್ಯಾಡ ಅವನ್ನ!"

ಓಡಿದೆ! ಖಾರದಂಗಡಿಯ ಬುಟ್ಟಿ ಒದ್ದು ನನ್ನ ಕಾಲಿಗೆ ಉರುಳಿಸಿದ. ಹಾರಿದೆ. ಪುಸ್ತಕದಂಗಡಿಯ ಮೂಲೆಯಲ್ಲಿ ಹುಡುಗರ ಗುಂಪಿಗೆ ಚೂರಿ ಬೀಸಿ ದಾರಿ ಮಾಡಿಕೊಂಡ. ತಟ್ಟನೆ ಎಡಕ್ಕೆ ಹೊರಳಿ ಸಂದಿಗೆ ನುಗ್ಗಿದ. ಆಚೆಗೆ ಸ್ಕೂಲಿನ ಮೈದಾನ, ಅದರಾಚೆ ಶಿಗ್ಗಾಂವಿ ರಸ್ತೆ. ರಸ್ತೆ ಸೇರಿದರೆ ಪಾರು!

ಎದುರಿಗೆ ಗೋಡೆ.

ತಾನೇ ಕಟ್ಟಿಸಿದ ಗೋಡೆ! ಹುಟ್ಟಿದಾಗಿನಿಂದ ಓಡಾಡಿದ ದಾರಿ. ಗಾಬರಿಯಲ್ಲಿ ಕಾಲಿಗೆ ಗೋಡೆ ನೆನಪಿರಲಿಲ್ಲ. ಚೂರಿ ಹಿಡಿದೇ ಎರಡೂ ಕೈಯಿಂದ ಪರಚಿದ. ಹತ್ತಲು ಆಗಲಿಲ್ಲ. ಮಾಡಿದ್ದುಣ್ಣೋ ಮಹಾರಾಯ ಅನ್ನೋದು ಸುಮ್ಮನೆ ಅಲ್ಲ.

"ಎಲ್ಲಿಗೆ ಹೊಕ್ಕೀಯಲೇ?" ಕೂಗಿದೆ.

ಚೂರಿಯನ್ನು ನನ್ನ ಮುಖಕ್ಕೆ ಎಸೆದ. ತಲೆ ಬಗ್ಗಿಸಿದೆ, ಕಿವಿ ಸವರಿಕೊಂಡು ಹೋಯಿತು. ನನ್ನ ಪಕ್ಕದಿಂದಲೇ ನುಸುಳಿ ಹಿಂದಕ್ಕೆ ಓಡಿದ. ಉಳಿದದ್ದು ಒಂದೇ ದಾರಿ.

ಎಲೆತೋಟ.

ಬೇಲಿಯ ಕಿಂಡಿ ಕಣ್ಣೆದುರಿಗೆ. ಒಳಗೆ ಹೊಕ್ಕರೆ ಬಳ್ಳಿಗಳ ಕತ್ತಲು, ಹುಡುಕುವುದು ಕಷ್ಟ. ಇನ್ನೇನು ಹೊಕ್ಕ... ಹೊಕ್ಕೇಬಿಟ್ಟ...

ನಿಂತ!

ಬಗ್ಗಿದ!

ಬೂಟಿನ ಲಾಡಿಗೆ ಕೈ ಹಾಕಿದ!

ಹಿಂದೆ ಸಾವು ಓಡಿ ಬರುತ್ತಿದೆ. ಬೆರಳು ಮಾತ್ರ ಗಂಟು ಬಿಚ್ಚುತ್ತಿವೆ. ಕೊಲೆ ಮಾಡಿದ ದಿನ ಬೆನ್ನ ಹಿಂದೆ ಯಾರೂ ಇರಲಿಲ್ಲ, ಗಂಟು ಸಲೀಸಾಗಿ ಬಿಚ್ಚಿತ್ತು. ಈಗ ಒಂದು ಬೂಟು ಕಳಚಿತು, ಇನ್ನೊಂದರ ಗಂಟು ಇನ್ನಷ್ಟು ಬಿಗಿದುಕೊಂಡಿತು. ತಲೆ ಎತ್ತಿ ನನ್ನನ್ನು ನೋಡಿದ. ತಾನು ಏನು ಮಾಡುತ್ತಿದ್ದೇನೆ ಅಂತ ಅವನಿಗೂ ಆಗಲೇ ಗೊತ್ತಾದದ್ದು.

ನನ್ನ ಕಾಲಲ್ಲಿ ಚಪ್ಪಲಿ. ಝಾಡಿಸಿದರೆ ಸಾಕು.

ಕುತ್ತಿಗೆಗೆ ಕೈ ಹಾಕಿ ನೆಲಕ್ಕೆ ಕೆಡವಿದೆ. ಇಬ್ಬರೂ ಬೇಲಿಯೊಳಗೆ ಉರುಳಿದೆವು. ಅವನ ಒಂದು ಕಾಲಲ್ಲಿ ಬೂಟು ಹಾಗೇ ಇತ್ತು.

"ಗೋಣೆಪ್ಪ... ದಾರಿ ಬಿಟ್ಟುಕೊಡ್ತೇನಿ! ಗ್ವಾಡಿ ಕೆಡವಸ್ತೇನಿ!"

"ನನ್ನ ತಮ್ಮ ಅಷ್ಟೇ ಕೇಳಿದ್ದಲ್ಲೋ ಹಡಬಿಟ್ಟಿ! ಅಷ್ಟೇ ಕೇಳಿದ್ದ!"

ನಾನು ಅಳುತ್ತಿದ್ದೆ. ಅಳುತ್ತಲೇ ಕುತ್ತಿಗೆ ಒತ್ತುತ್ತಿದ್ದೆ.

"ಜೀವಂತ ಬೇಕೋ!" ಫೌಜದಾರ ಏದುಸಿರು ಬಿಡುತ್ತ ಓಡಿ ಬಂದ. "ಇವ ಸತ್ರ ಬಾಯಿ ಬಿಡಾವ ಯಾರು? ರಾಜೇಸಾಬನ್ನ ಈ ಕೇಸಿನಿಂದ ಬಿಡಸಾವ ಯಾರು?"

ಕುಡುಗೋಲು ಹಿಡಿದ ಇಮಾಮಬಿಯ ಮುಖ ನೆನಪಾಯಿತು. ನಡುಗದ ಆ ಕೈ ನೆನಪಾಯಿತು.

ಕುತ್ತಿಗೆ ಬಿಟ್ಟೆ.

ಅವನ ಮೊಣಕಾಲು ಮಾತ್ರ ಬಿಡಲಿಲ್ಲ.

ಒಣಗಿದ ಜಾಲಿ ಮುರಿದಂತೆ ಸಪ್ಪಳ ಆಯಿತು. ಅವನ ಕಿರುಚಾಟ ಸ್ಕೂಲಿಗೂ ಕೇಳಿಸಿತಂತೆ. ಫೌಜದಾರ ಬಳ್ಳಿಗಳನ್ನು ನೋಡುತ್ತ ನಿಂತ.

"ಬಿದ್ದಾಗ ಆದ ಪೆಟ್ಟು, ಹೌದಲ್ಲೋ?" ಅಂದ.

"ಹೌದ್ರಿ. ಬಿದ್ದ."

ಅಲ್ಲಿಂದ ಗೋಡೆಯ ತನಕ ಎಳೆದುಕೊಂಡು ಹೋದೆ. ಓಣಿಗೆ ಓಣಿಯೇ ಸೇರಿತ್ತು. ನನ್ನ ತಮ್ಮ ಬಿದ್ದಿದ್ದ ಜಾಗದಲ್ಲೇ ಕೂರಿಸಿದೆ.

"ನಾನೇ ಕೊಂದೆ ಅಂತ ಹೇಳು. ಎಲ್ಲಾರಿಗೂ ಕೇಳಂಗ."

ಹೇಳಿದ. ಫೌಜದಾರ ಕೇಳಿದ. ವೀರವ್ವ ಸೆರಗು ಬಾಯಿಗೆ ಒತ್ತಿಕೊಂಡಳು.

"ಈಗ ಕಲ್ಲು ಕೀಳು."

ಮೊದಲ ಕಲ್ಲು ಅವನ ಕೈಯಿಂದಲೇ ಕೀಳಿಸಿದೆ. ಎರಡನೇದು ನಾನು ಕಿತ್ತೆ. ಆಮೇಲೆ ಯಾರಿಗೂ ಹೇಳಬೇಕಾಗಲಿಲ್ಲ. ಇಮಾಮಬಿ ಗುಂಪು ಸೀಳಿಕೊಂಡು ಬಂದಳು, ಕುಡುಗೋಲಿನ ಹಿಡಿಯಿಂದಲೇ ಮೀಟತೊಡಗಿದಳು. ಅವಳ ಹಿಂದೆ ರಾಜೇಸಾಬ, ಕುತ್ತಿಗೆಗೆ ವಸ್ತ್ರ ಸುತ್ತಿಕೊಂಡು.

"ದಾರಿ ತೆರೆದ್ರ ನಿನಗ ನಷ್ಟ ಅಲ್ಲೇನೋ?" ಕೇಳಿದೆ.

"ಕುತ್ತಿಗಿ ಉಳದ್ರ ಸಾಕೋ ಯಪ್ಪಾ!" ಅಂದ.

ಸ್ಕೂಲಿನ ಸಂಜೆಯ ಗಂಟೆ ಹೊಡೆದಾಗ ಹುಡುಗರು ಆ ಸಂದಿಯಿಂದಲೇ ಮನೆಗೆ ಬಂದರು.

ಕರಿಬಸಪ್ಪನಿಗೆ ಜನ್ಮಠೇಪೆ ಆಯಿತು. ಕೋಲು ಊರಿಕೊಂಡೇ ಜೈಲಿನ ಮೆಟ್ಟಿಲು ಹತ್ತಿದ. ಕೇಸು ಮುಗಿದ ಮೇಲೆ ಅವನ ಬೂಟು ಕೇಳಿಕೊಂಡು ಯಾರೂ ಬರಲಿಲ್ಲ. ಫೌಜದಾರ ನನಗೇ ಕೊಟ್ಟ. ಸ್ವಲ್ಪ ಬಿಗಿ, ಆದರೂ ನಡೆಯುತ್ತದೆ. ದಿನಾ ಮುಂಜಾನೆ ಅವನ್ನೇ ಮೆಟ್ಟಿಕೊಂಡು ನನ್ನ ತಮ್ಮನ ದಾರಿಯಲ್ಲಿ ಸ್ಕೂಲಿನ ತನಕ ಹೋಗಿ ಬರುತ್ತೇನೆ.

ಲಾಡಿ ಮಾತ್ರ ಕಿತ್ತು ಎಸೆದಿದ್ದೇನೆ, ತೋಟದ ಬೇಲಿ ಹತ್ತಿರ ಝಾಡಿಸಿದರೆ ಸಾಕು.